ಗರಿಕೆಗೆ ಗೆಣ್ಣುಗೆಣ್ಣಿಗೂ ಬೇರು ಬಂದದ್ದು

ಭೂಮಿ ಆಗಷ್ಟೇ ಹೆಂಚಿನಿಂದ ಇಳಿದ ರೊಟ್ಟಿಯ ಹಾಗೆ ಹೊಸದಾಗಿದ್ದ ಕಾಲ. ಸೂರ್ಯ, ಗಾಳಿ, ಮಣ್ಣು ಎಲ್ಲರೂ ಮಾತಾಡುತ್ತಿದ್ದರು. ಗರಿಕೆ ಆಗ ಒಂದೇ ಬೇರಿನ ಪಾಪದ ಹುಲ್ಲು. ಕಡಿದರೆ ಸತ್ತೇ ಹೋಗುತ್ತಿತ್ತು.

ಆ ಕಾಲದಲ್ಲಿ ಸಂಕವ್ವ ಎಂಬ ತಾಯಿ ಇದ್ದಳು. ಅವಳ ಗಂಡ ದ್ಯಾಮಣ್ಣ. ಮಗಳು ನೀಲವ್ವ ಆಗತಾನೇ ಮೊಲೆ ಬಿಟ್ಟು ಅನ್ನಕ್ಕೆ ಬಾಯಿ ತೆರೆಯುತ್ತಿದ್ದಳು. ಮನೆಯಲ್ಲಿದ್ದ ನವಣೆಯನ್ನೆಲ್ಲ ಸಂಕವ್ವ ಬಿತ್ತಿಬಿಟ್ಟಿದ್ದಳು. ಅದು ಬೆಳೆದರೆ ಮಗುವಿಗೆ ಅನ್ನ, ಇಲ್ಲದಿದ್ದರೆ ಇಲ್ಲ.

ಮಳೆ ಹಿಡಿಯಿತು. ನವಣೆ ಬೆರಳುದ್ದ ಬರುವಷ್ಟರಲ್ಲಿ ಗರಿಕೆ ಗೇಣುದ್ದ ಬಂತು. ಮಳೆ ನಿಂತದ್ದೇ ತಡ, ಸಂಕವ್ವ ಎಡೆಕುಂಟೆ ತಂದಳು. ಸಾಲುಗಳ ನಡುವೆ ಎಳೆದರೆ ಅದರ ಅಲಗು ಕಳೆಯನ್ನು ಬುಡದಲ್ಲೇ ಕಡಿಯುತ್ತಿತ್ತು.

ಮೋಡದ ಮರೆಯಿಂದ ಸೂರ್ಯ ಕೂಗಿದ. “ತಡೀ ಸಂಕವ್ವಾ, ಮಣ್ಣು ಇನ್ನೂ ಹಸಿ ಐತಿ. ನಾ ಹೊರಗ ಬರ್ತೀನಿ. ಆಮ್ಯಾಲೆ ನೀ ಕಡಿ, ನಾ ಒಣಗಸ್ತೀನಿ.”

“ನೀ ಬರೂತನಕ ನನ್ನ ಬೆಳಿ ಇರತೈತೇನು?” ಎಂದಳು ಸಂಕವ್ವ. ದ್ಯಾಮಣ್ಣ ಮುಂದೆ ಎಳೆದ, ಅವಳು ಹಿಂದೆ ಅದುಮಿ ಹಿಡಿದಳು.

ಗರಿಕೆ ತುಂಡುತುಂಡಾಗಿ ಕೆಸರಿಗೆ ಬಿತ್ತು. “ಅವ್ವಾ, ನನ್ನ ಹಿಡ್ಕೋ” ಎಂದು ಒಂದೊಂದು ತುಂಡೂ ಅತ್ತಿತು. ಮಣ್ಣು ತಾಯಿ, ಅವಳ ಕರುಳು ಕೇಳಬೇಕಲ್ಲ! ಗೆಣ್ಣು ಎಲ್ಲೆಲ್ಲಿ ತಾಗಿತೋ ಅಲ್ಲಲ್ಲೇ ಒಂದೊಂದು ಬೇರು ಕೊಟ್ಟಳು.

ವಾರ ಕಳೆಯುವಷ್ಟರಲ್ಲಿ ಹೊಲದ ತುಂಬ ಮತ್ತೆ ಗರಿಕೆ. ಮತ್ತೆ ಮಳೆ, ಮತ್ತೆ ಕುಂಟೆ. “ತಡೀ” ಎಂದ ಸೂರ್ಯ, ಅವಳು ತಡೆಯಲಿಲ್ಲ. ಹಸಿದ ಮಗುವಿನ ತಾಯಿ ಹೇಗೆ ತಡೆದಾಳು? ಕಡಿದಷ್ಟೂ ತುಂಡು, ತುಂಡಿದ್ದಷ್ಟೂ ಬೇರು. ಸೂರ್ಯ ಮೋಡ ಸರಿಸಿ ಹೊರಗೆ ಬರುವ ಹೊತ್ತಿಗೆ ಗರಿಕೆ ಚಾಪೆ ಹಾಸಿದಂತೆ ಹಬ್ಬಿತ್ತು. ನವಣೆ ತೆನೆ ಬಿಡಲೇ ಇಲ್ಲ.

ಸಂಕವ್ವ ಬದುವಿನ ಮೇಲೆ ಕುಸಿದಳು. ಪಕ್ಕದಲ್ಲಿ ನೀಲವ್ವ ಹಸಿವು ತಾಳದೆ ಒಂದೆಳೆ ಗರಿಕೆ ಕಿತ್ತು ಜಗಿಯುತ್ತಿದ್ದಳು.

“ನಾನೂ ನಿನ್ನ ಮಗಳಲ್ಲೇನ ಅವ್ವಾ?” ಎಂದು ಸಂಕವ್ವ ನೆಲ ಬಡಿದು ಕೇಳಿದಳು.

“ಹೌದು ಮಗಳ” ಎಂದಳು ಮಣ್ಣುತಾಯಿ. “ಅದೂ ನನ್ನ ಕೂಸ. ಕೊಟ್ಟ ಬೇರು ಹೆಂಗ ಕಸಗೊಳ್ಳಲಿ?” ಅವಳೂ ಅತ್ತಳು. ಅತ್ತು ಏನು ಬಂತು? ಸಂಕವ್ವನ ಒಲೆ ಆ ವರ್ಷ ಉರಿಯಲಿಲ್ಲ.

ಅದಕ್ಕೇ ಮಗು, ಇವತ್ತಿಗೂ ಹಸಿ ನೆಲದಲ್ಲಿ ಎಡೆಕುಂಟೆ ಹೊಡೆದ ಹೊಲಕ್ಕೆ ಹೋಗಿ ನೋಡು: ಕಡಿದು ಬಿದ್ದ ಗರಿಕೆ ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಹಸಿರಾಗಿರುತ್ತದೆ, ಪಕ್ಕದ ನವಣೆ ಹಳದಿ ತಿರುಗಿ ನಿಂತಿರುತ್ತದೆ.