ಗಂಟುಹಗ್ಗದ ಬಾವಿ

ಬನ್ನಿಹಾಳದಿಂದ ಕೆಂಗಲ್ಲಿಗೆ ಹೋಗುವ ದಾರಿಯಲ್ಲಿ, ಕಣ್ಣು ಹಾಯಿಸಿದಷ್ಟೂ ಹಬ್ಬಿದ ಜೋಳದ ಹೊಲಗಳ ನಡುವೆ, ಒಂದು ಹಳೆಯ ಕಲ್ಲುಬಾವಿ ಇದೆ. ಬಗ್ಗಿ ನೋಡಿದರೆ ತಲೆ ಸುತ್ತುವಷ್ಟು ಆಳ. ಪಕ್ಕದಲ್ಲಿ ಈಗ ಕೊಳವೆಬಾವಿಯೂ ಇದೆ. ವರ್ಷದಲ್ಲಿ ಆರು ತಿಂಗಳು ಕೆಟ್ಟು ನಿಂತಿರುತ್ತದೆ, ಆ ಮಾತು ಬಿಡಿ. ಕಲ್ಲುಬಾವಿಗೆ ಗಂಟುಹಗ್ಗದ ಬಾವಿ ಎಂಬ ಹೆಸರು ಬಂದದ್ದು ಹುಲಿಗೆವ್ವನ ಹಟದಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಸೀಮೆ ರುದ್ರಗೌಡ ದೇಸಾಯಿಯ ಕೈಯಲ್ಲಿತ್ತು. ಬಾವಿ ತೋಡಿದವನು ಹುಲಿಗೆವ್ವನ ಗಂಡ ಒಡ್ಡರ ದುರ್ಗಪ್ಪ. ನೀರು ಕಂಡ ದಿನವೇ ಮಣ್ಣು ಕುಸಿದು ಅದರಲ್ಲೇ ತೀರಿಕೊಂಡ. ದಾರಿಹೋಕರು ಸೇದಿ ಕುಡಿಯಲೆಂದು ದೇಸಾಯಿ ಎರಡು ಬಾರಿ ಹಗ್ಗ ಇಡಿಸಿದ, ಎರಡು ಬಾರಿಯೂ ಕಳುವಾಯಿತು. ಎರಡನೆಯ ಸಲವಂತೂ ಹಗ್ಗ ಕಾಣದೆ ಒಳಗಿಳಿಯಲು ಹೋದ ಎತ್ತಿನ ವ್ಯಾಪಾರಿಯೊಬ್ಬ ಜಾರಿ ಬಿದ್ದು ಸತ್ತ. ದೇಸಾಯಿ ಕೆರಳಿ, ಚಪ್ಪಡಿ ಎಳೆದು ಬಾವಿ ಮುಚ್ಚಿಬಿಡಿ ಎಂದ. ಕೆಟ್ಟವನಲ್ಲ ಪಾಪ, ಆದರೆ ತನ್ನ ನೆರಳನ್ನೂ ನಂಬದ ಮನುಷ್ಯ. ಹುಲಿಗೆವ್ವನಿಗೆ ಗಂಡ ಇನ್ನೊಮ್ಮೆ ಸತ್ತಂತಾಯಿತು. ನೇರವಾಗಿ ದೇಸಾಯಿಯ ವಾಡೆಗೆ ನಡೆದಳು.

“ಮಂದಿ ಹುಟ್ಟಾ ಕಳ್ಳರಬೇ. ಕಾವಲಿಲ್ಲಂದ್ರ ದೇವರ ಮೈಮ್ಯಾಗಿನ ಅರಿವೀನೂ ಬಿಡೂದಿಲ್ಲ,” ಎಂದ ದೇಸಾಯಿ.

“ಕದಿಯಾಂವ ಒಬ್ಬ ಇರತಾನ್ರಿ ಧಣ್ಯಾರ. ಅವನ ಸಲುವಾಗಿ ಎಲ್ಲಾರ ಬಾಯಿ ಒಣಗಸಬ್ಯಾಡ್ರಿ. ಇನ್ನೊಂದು ಹಗ್ಗ ಇಟ್ಟು ಉಗಾದಿತನಕ ನೋಡ್ರಿ.”

ದೇಸಾಯಿ ಒಪ್ಪಿದ. ಗುರುತಿಗೆಂದು ಹೊಸ ಹಗ್ಗಕ್ಕೆ ಕೆಮ್ಮಣ್ಣು ಬಳಿಸಿದ. ಕಾವಲು ಇರಕೂಡದು, ಹುಲಿಗೆವ್ವ ಆ ಕಡೆ ಸುಳಿಯಕೂಡದು, ಉಗಾದಿಗೆ ಹಗ್ಗ ಉಳಿದಿದ್ದರೆ ಮಾತ್ರ ಬಾವಿ ಉಳಿಯುತ್ತದೆ ಎಂದ. ಶ್ರಾವಣದಲ್ಲೇ ಸುದ್ದಿ ಬಂತು: ಕೆಂಪು ಹಗ್ಗ ಮಾಯ! ದೇಸಾಯಿ ನಕ್ಕು, ಗಡುವು ಮುಗಿಯಲಿ ಎಂದು ಸುಮ್ಮನಿದ್ದ. ಹಗ್ಗವಿಲ್ಲದ ಬಾವಿಯತ್ತ ಊರವರೂ ಹೋಗುವುದನ್ನು ಬಿಟ್ಟರು. ಹುಲಿಗೆವ್ವ ಕೊಟ್ಟ ಮಾತಿಗೆ ಕಟ್ಟುಬಿದ್ದು ಆ ಕಡೆ ಹೋಗಲಿಲ್ಲ. ಮಂದಿಯನ್ನು ನಂಬಿ ಗಂಡನ ಬಾವಿಗೆ ತಾನೇ ಮಣ್ಣು ಹಾಕಿದೆನಲ್ಲ ಎಂದು ಒಬ್ಬಳೇ ಅತ್ತಳು.

ಉಗಾದಿಯ ದಿನ ದೇಸಾಯಿ ಚಪ್ಪಡಿಯನ್ನು ಬಂಡಿಯಲ್ಲಿ ಹೇರಿಸಿಕೊಂಡೇ ಹೊರಟ. ಕೊಡ ಹೊತ್ತ ಹುಲಿಗೆವ್ವ ಊರವರೊಡನೆ ಕಾಲೆಳೆಯುತ್ತ ಹಿಂದೆ ಬಂದಳು. ನೋಡಿದರೆ ಬಾವಿಯ ದಡದಲ್ಲಿ ಹಗ್ಗವಿತ್ತು! ಆದರೆ ಅದರಲ್ಲಿ ಒಂದು ಗೇಣೂ ಕೆಂಪಿರಲಿಲ್ಲ. ಎತ್ತಿನ ಕಣ್ಣಿ, ಬುತ್ತಿ ಕಟ್ಟಿದ ಬಟ್ಟೆ, ತೊಟ್ಟಿಲ ಹಗ್ಗ, ಯಾರದೋ ರುಮಾಲು, ಯಾರೋ ಹೆಣ್ಣುಮಗಳ ಸೀರೆಯ ಸೆರಗು, ಎಲ್ಲ ಒಂದಕ್ಕೊಂದು ಬಿಗಿದಿದ್ದವು. ದಾರಿಹೋಕನೊಬ್ಬ ಬಿಟ್ಟುಹೋದ ಮೋಟುಹಗ್ಗ ನೀರಿಗೆ ಮುಟ್ಟದಾಗ ಆಮೇಲೆ ಬಂದವನು ತನ್ನದನ್ನು ಕಟ್ಟಿದ್ದ. ಬೇಸಿಗೆಯಲ್ಲಿ ನೀರು ಇಳಿದಂತೆಲ್ಲ ಹಗ್ಗ ಬೆಳೆದಿತ್ತು. ಕುಡಿದು ಹೋಗುವಾಗ ಯಾರೂ ಬಿಚ್ಚಿಕೊಂಡಿರಲಿಲ್ಲ.

“ನನ್ನ ಹಗ್ಗ ಎಲ್ಲೈತಿ? ಗೆದ್ದಾಂವ ನಾನ,” ಎಂದ ದೇಸಾಯಿ.

ಹುಲಿಗೆವ್ವ ಕೊಡ ಕಟ್ಟಿ ಇಳಿಬಿಟ್ಟಳು. ಕೆಳಗೆ ಬುಳುಕ್ಕೆಂದಾಗ ಅವಳ ಕಣ್ಣು ತುಂಬಿದವು. ಸೇದಿ ತಂದು ದೇಸಾಯಿಯ ಬೊಗಸೆಗೆ ಸುರಿದಳು.

“ಕದ್ದಾಂವ ಒಬ್ಬ, ಧಣ್ಯಾರ. ಗಂಟು ಎಣಸ್ರಿ.”

ಬಿಸಿಲಿಗೆ ಗಂಟಲು ಒಣಗಿದ್ದ ದೇಸಾಯಿ ಮೊದಲು ಕುಡಿದ, ಆಮೇಲೆ ಎಣಿಸಿದ. ಇಪ್ಪತ್ತೇಳು. ತಲೆಯ ಜರಿ ರುಮಾಲು ಬಿಚ್ಚಿ ಇಪ್ಪತ್ತೆಂಟನೆಯ ಗಂಟು ಹಾಕಿದ. ಊರಿಗೆ ಊರೇ ಹೋ ಎಂದು ಕೂಗಿತು. ಮುಚ್ಚಲು ತಂದ ಚಪ್ಪಡಿಯನ್ನು ನೀರು ಸೇದುವವರು ನಿಲ್ಲಲೆಂದು ದಡಕ್ಕೇ ಹಾಸಿಸಿದ.

ಆ ಚಪ್ಪಡಿ ಇಂದಿಗೂ ಇದೆ, ಕಾಲು ತಾಗಿ ಸವೆದು ನುಣ್ಣಗಾಗಿದೆ. ಗಂಟು ಸಿಕ್ಕಿಕೊಳ್ಳುತ್ತದೆಂದು ಬಾವಿಗೆ ಈಗಲೂ ರಾಟೆ ಹಾಕಿಲ್ಲ. ಬಂದವರು ಕೈಲಿದ್ದದ್ದೊಂದನ್ನು ಹಗ್ಗಕ್ಕೆ ಕಟ್ಟಿ ಹೋಗುತ್ತಾರೆ. ಅದು ಕಳುವಾಗುವುದೇ ಇಲ್ಲವೆಂದಲ್ಲ, ಆಗಾಗ ಆಗುತ್ತದೆ. ಆದರೆ ಹಗ್ಗವಿಲ್ಲದ ಬಾವಿಯನ್ನು ಎರಡು ದಿನ ಸಾಲಾಗಿ ಕಂಡವರು ಈ ಸೀಮೆಯಲ್ಲಿ ಯಾರೂ ಇಲ್ಲ.