ನೆನೆಯದ ಇದ್ದಿಲು

ಒಂದು ಕಾಡಿನಲ್ಲಿ ಒಂದು ಇಳಿಜಾರಿತ್ತು. ಮಳೆ ಬಂದರೆ ಸಾಕು, ಅಲ್ಲಿನ ಮಣ್ಣಿನ ಸಾರವೆಲ್ಲ ಕೊಚ್ಚಿಹೋಗಿ ಹಳ್ಳ ಸೇರುತ್ತಿತ್ತು. ಚೂಪಕ್ಕ ಎಂಬ ಮುಳ್ಳುಹಂದಿ ಅಲ್ಲೇ ಗೆಣಸು ಬೆಳೆಯುತ್ತಿದ್ದಳು. ಹೋದ ವರ್ಷ ಸಿಕ್ಕಿದ್ದು ಬೆರಳು ಗಾತ್ರದ ಗೆಣಸು. ಮೂರು ಮರಿಗಳೂ ಅರೆಹೊಟ್ಟೆಯಲ್ಲೇ ಮಲಗಿದ್ದವು.

ಈ ಸಲ ಚೂಪಕ್ಕ ಒಣಕಡ್ಡಿಗಳನ್ನು ಗುಂಡಿಯಲ್ಲಿ ಮುಚ್ಚಿ ಸುಟ್ಟು ಇದ್ದಿಲು ಮಾಡಿದಳು. ಪುಡಿ ಮಾಡಿ, ಅರ್ಧವನ್ನು ಕಾಡೆಮ್ಮೆಯ ಸಗಣಿ ಗಂಜಲದ ಗುಂಡಿಯಲ್ಲಿ ನೆನೆಹಾಕಿದಳು. ಗುಂಡಿಯಲ್ಲಿ ಹಿಡಿಸದ ಉಳಿದರ್ಧ ಪಕ್ಕದಲ್ಲಿ ರಾಶಿ ಬಿದ್ದಿತ್ತು.

ಪಕ್ಕದ ನೆಲದ ನರಿ ಸಿಂಗಣ್ಣ ಮೂಗು ಮುಚ್ಚಿಕೊಂಡೇ ಬಂದ. “ಥೂ! ಏನಕ್ಕಾ ಇದು, ಮೈಯೆಲ್ಲ ಮಸಿ, ಕಾಡೆಲ್ಲ ನಾತ!”

“ಇದ್ದಿಲ ತುಂಬ ಸಣ್ಣ ಸಣ್ಣ ತೂತು ಕಣೋ. ಒಂದು ತಿಂಗಳು ನೆನೆದರೆ ಗೊಬ್ಬರದ ಸಾರ ಕುಡಿದು ಹಿಡಿದಿಟ್ಕೊಳ್ಳುತ್ತೆ. ಆಮೇಲೆ ಮಳೆ ಬಂದರೂ ಸುಲಭಕ್ಕೆ ಬಿಡಲ್ಲ.”

“ತಿಂಗಳಾ? ಹಾಗೇ ಮಣ್ಣಿಗೆ ಹಾಕಿದರೆ?”

“ಹಾಕಬೇಡ ಮಾರಾಯ! ಒಣ ಇದ್ದಿಲು ಹಸಿದಿರುತ್ತೆ. ಇರೋ ಸಾರವನ್ನೂ ಹೀರಿಬಿಡುತ್ತೆ.”

ಗುಟ್ಟು ಮುಚ್ಚಿಡಲು ಬುರುಡೆ ಬಿಡುತ್ತಿದ್ದಾಳೆ ಅಂದುಕೊಂಡ ಸಿಂಗಣ್ಣ. ಮರುದಿನ ಅವಳು ನೀರಿಗೆ ಹೋದದ್ದೇ ತಡ, ಒಣ ರಾಶಿಯನ್ನೆಲ್ಲ ಹೊತ್ತೊಯ್ದು ತನ್ನ ಗೆಣಸಿನ ಮಣ್ಣಿಗೆ ಹಾಗೇ ಬೆರೆಸಿದ. ನಾರುವ ಗುಂಡಿಯನ್ನು ಅವನು ಮುಟ್ಟುವುದುಂಟೇ, ಛೆ!

ಚೂಪಕ್ಕ ಬಂದು ನೋಡಿ ಅತ್ತೇಬಿಟ್ಟಳು. ಅರ್ಧ ಇದ್ದಿಲಿನಲ್ಲಿ ಮರಿಗಳ ಹೊಟ್ಟೆ ತುಂಬೀತೇ? ಆದರೂ ಕಣ್ಣೊರೆಸಿಕೊಂಡು ದಿನಾ ಗುಂಡಿ ಕಲಕಿದಳು. ತಿಂಗಳಾದ ಮೇಲೆ ಮಣ್ಣಿಗೆ ಬೆರೆಸಿ ಬಳ್ಳಿ ನೆಟ್ಟಳು.

ಮಳೆ ಧೋ ಎಂದು ಸುರಿಯಿತು. ಚೂಪಕ್ಕನ ಬಳ್ಳಿ ಕಡುಹಸಿರಾಯಿತು. ಸಿಂಗಣ್ಣನದು ಹಳದಿಗಟ್ಟಿತು. ಅಗೆದರೆ ಅವಳಿಗೆ ಮರಿಯ ತಲೆಯಷ್ಟು ದಪ್ಪ ಗೆಣಸು, ಅವನಿಗೆ ದಾರದಂಥ ಬರೀ ಬೇರು!

ಹೊಟ್ಟೆ ತಾಳ ಹಾಕತೊಡಗಿದಾಗ ಸಿಂಗಣ್ಣ ಬಾಲ ಮುದುಡಿಕೊಂಡು ಬಂದ. “ಅಕ್ಕಾ, ನಿನ್ನ ಇದ್ದಿಲು ನನ್ನ ಬೆಳೆಯನ್ನೇ ತಿಂದುಹಾಕಿತು!”

“ನನ್ನ ಇದ್ದಿಲಾ? ಓಹೋ, ಒಯ್ದವನು ನೀನಾ!”

ಸಿಂಗಣ್ಣ ನಾಲಿಗೆ ಕಚ್ಚಿಕೊಂಡ. ಚೂಪಕ್ಕನ ಮುಳ್ಳೆಲ್ಲ ನೆಟ್ಟಗಾದವು. ಆದರೆ ಅವನ ಬೆನ್ನಿಗಂಟಿದ ಹೊಟ್ಟೆ ನೋಡಿ ಅವಳಿಗೆ ತನ್ನ ಮರಿಗಳು ನೆನಪಾದವು.

“ಗೆಣಸು ಕೊಡ್ತೀನಿ. ಆದರೆ ದಿನಾ ಆ ಗುಂಡಿಗೆ ಇಳಿದು ಮುಂದಿನ ಬೆಳೆಯ ಇದ್ದಿಲು ಕಲಕಬೇಕು,” ಎಂದಳು.

ಪೂರಾ ಒಂದು ತಿಂಗಳು ಸಿಂಗಣ್ಣ ಸಗಣಿಯಲ್ಲಿ ನಿಂತು ಇದ್ದಿಲು ಕಲಕಿದ. ಮೂಗು ಮುಚ್ಚಿಕೊಳ್ಳೋಣವೆಂದರೆ ಒಂದು ಕಾಲಿಗೂ ಬಿಡುವಿರಲಿಲ್ಲ.

ನೀತಿ: ಕದ್ದರೆ ವಸ್ತು ಸಿಗಬಹುದು, ದುಡಿಮೆಯ ಫಲ ಸಿಗುವುದಿಲ್ಲ.