ಒಂಬತ್ತು ಪಾದದ ಗುಡ್ಡ

ನಮ್ಮ ಹಿರೇಬನ್ನಿಗೋಳದ ಬಡಗಣಕ್ಕೆ, ಎರೆಹೊಲಗಳು ಮುಗಿದು ಕಲ್ಲುನೆಲ ಶುರುವಾಗುವ ಕಡೆ, ಒಂದು ಬೋಳುಗುಡ್ಡವಿದೆ. ಅದಕ್ಕೆ ಒಂಬತ್ತು ಪಾದದ ಗುಡ್ಡವೆಂದು ಹೆಸರು. ಹೆಸರು ಕೇಳಿ ಬಂದವರು ಬಂಡೆಗಳ ಮೇಲೆ ಬಗ್ಗಿ ಬಗ್ಗಿ ದೇವರ ಪಾದ ಹುಡುಕುತ್ತಾರೆ. ಹೋದ ವರ್ಷ ಒಬ್ಬರು ಮಳೆನೀರು ಕೊರೆದ ಗುಳಿಗಳಿಗೇ ಅರಿಸಿನ ಕುಂಕುಮ ಹಚ್ಚಿ, ಒಂಬತ್ತು ಎಣಿಸಿ, ಕೈಮುಗಿದು ಹೋದರು. ಎಂಥ ಹುಚ್ಚೋ! ಆ ಗುಡ್ಡದಲ್ಲಿ ಯಾವ ದೇವರೂ ಕಾಲಿಟ್ಟಿಲ್ಲ. ಅರ್ಧ ಏರಿದರೆ ಒಬ್ಬರೇ ಕೂರಬಹುದಾದ ಪುಟ್ಟ ಮಣ್ಣಿನ ಮನೆಯೊಂದರ ಗೋಡೆಗಳು ಸಿಗುತ್ತವೆ. ಹೆಸರು ಹುಟ್ಟಿದ್ದು ಅಲ್ಲಿ. ನನ್ನ ಮುತ್ತಜ್ಜಿ ಏನನ್ನೂ ಮುಚ್ಚಿಡದೆ ಹೇಳುತ್ತಿದ್ದಳು, ನಾನೂ ಹಾಗೆಯೇ ಹೇಳುತ್ತೇನೆ. ಇದರಲ್ಲಿ ನಮ್ಮ ಊರಿಗೆ ಮಾನ ತರುವಂಥದ್ದೇನೂ ಇಲ್ಲ.

ಹಿಂದೆ ಒಮ್ಮೆ ಊರಿಗೆ ವಾಂತಿಭೇದಿ ಬಡಿದು, ಮುರಿಗೆವ್ವ ಎಂಬ ವಿಧವೆಯ ಮೂರೂ ಮಕ್ಕಳು ಒಂದೇ ವಾರದಲ್ಲಿ ತೀರಿಕೊಂಡವು. ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಧ್ಯಾನಕ್ಕೆ ಕೂತ ಹಾಗೆ ಕೂರಿಸಿ ಹೂಳುತ್ತೇವೆ, ಆ ಕುಣಿಯ ಒಂದೊಂದು ಬದಿಯೂ ಸತ್ತವರ ಪಾದದಲ್ಲಿ ಒಂಬತ್ತು ಪಾದ ಇರಬೇಕು. ಕುಣಿ ತೋಡುತ್ತಿದ್ದವನು ಹುಲಿಗೆಪ್ಪ. ಅಂಗಾಲಿಗೆ ದಾರ ಹಿಡಿದು ಅಳೆಯುವುದೂ ಅವನದೇ ಕೆಲಸ. ಮೂರನೆಯ ಕೂಸಿನ ಪಾದ ಅಳೆಯುವಾಗ ಅವನ ಕೈಯಿಂದ ದಾರ ಎರಡು ಸಲ ಜಾರಿತು ಎನ್ನುತ್ತಾರೆ. ಮಕ್ಕಳನ್ನು ಗುಡ್ಡದ ಬುಡದಲ್ಲಿ ಮಣ್ಣು ಮಾಡಿದರು. ಆಮೇಲೆ ಮುರಿಗೆವ್ವನಿಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಸಮಾಧಾನ ಹೇಳುವವರು ಬೆಳಗಾದರೆ ಬಂದು ಕೂರುತ್ತಿದ್ದರು, ಅವರ ಮಾತು ಕೇಳಿ ಕೇಳಿ ಅವಳಿಗೆ ಮಾತೆಂದರೇ ಹೇಸಿಗೆ ಬಂದುಬಿಟ್ಟಿತ್ತು. ಗುಡ್ಡದ ಮೇಲೆ, ಮಕ್ಕಳು ಕಾಣುವ ಕಡೆ, ಅಂಗೈಯಲ್ಲಿ ಲಿಂಗ ಹಿಡಿದು ಸುಮ್ಮನೆ ಕೂರಲು ಒಂದು ಜಾಗ ಬೇಕೆಂದಳು.

ಕೇಳಿದ್ದು ಚಿಕ್ಕದೇ, ಆದರೆ ಕಟ್ಟಳೆಗಳು ದೊಡ್ಡವು. ಮಲಗಿದ ಮಕ್ಕಳ ತಲೆಯ ಮೇಲೆ ಉಳಿ ಸುತ್ತಿಗೆಯ ಸದ್ದಾಗಬಾರದು. ಹಸಿ ಗಿಡಕ್ಕೆ ಕೊಡಲಿ ತಾಕಬಾರದು. ತಾನು ಹೋದ ಮೇಲೆ ಮನೆಯೂ ಕರಗಿ ಗುಡ್ಡದ ಮಣ್ಣಿಗೆ ಮಣ್ಣಾಗಬೇಕು. ಗೌಂಡಿಗಳೆಲ್ಲ ಬಂದು ನೋಡಿ, ಒಲೆಯಿಲ್ಲದ್ದು ಮನೆಯೇ ಅಲ್ಲ, ಇದಕ್ಕೆ ಆಯದ ಅಳತೆ ಕೂಡಿಬರುವುದಿಲ್ಲ ಎಂದು ಮುಖ ತಿರುಗಿಸಿ ಹೋದರು. ಒಪ್ಪಿದವನು ಹುಲಿಗೆಪ್ಪ ಒಬ್ಬನೇ. ಅವನು ಉರುಳಿ ಬಿದ್ದ ಕಲ್ಲುಗಳನ್ನೇ ಆರಿಸಿ ತಂದ. ಬೇಸಿಗೆಯಲ್ಲಿ ತಂಪಿರಲೆಂದು ನೆಲವನ್ನು ಮೊಣಕಾಲುದ್ದ ತಗ್ಗಿಸಿದ. ಜೋಳದ ಹೊಟ್ಟು ಬೆರೆಸಿದ ಮಣ್ಣನ್ನು ಎಂಟು ದಿನ ತುಳಿದು ಗೋಡೆ ಎಬ್ಬಿಸಿದ, ಪಡುವಣ ಗಾಳಿಗೊಂದು ಕಿಂಡಿ ಬಿಟ್ಟ. ಒಣಗಿ ಬಿದ್ದ ಜಾಲಿಯ ತೊಲೆ ಹಾಸಿ, ನೀರು ಇಳಿಯಗೊಡದ ಸವಳು ಮಣ್ಣಿನ ಮಾಳಿಗೆ ಹಾಕುವುದೆಂದು ಲೆಕ್ಕ ಹಾಕಿದ. ಅಳತೆಯೊಂದೇ ಅವನಿಗೆ ತಿಳಿಯದೆ ಹೋದದ್ದು. ಗೋಡೆಗೆ ಕೈ ಹಚ್ಚುವ ಮುಂಚೆ ಕಲಸಿದ ಮಣ್ಣಿನ ಮೇಲೆ ಒಂದು ಹೆಜ್ಜೆ ಇಡಿರೆಂದು ತಲೆ ತಗ್ಗಿಸಿ ಮುರಿಗೆವ್ವನನ್ನು ಕೇಳಿದ್ದ. ಬದುಕಿರುವವರ ಪಾದಕ್ಕೆ ದಾರ ಹಿಡಿಯುವುದು ಸಾವನ್ನು ಕರೆದ ಹಾಗೆ ಎಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಅವಳು ಅವನನ್ನೊಮ್ಮೆ ನೋಡಿ, ಪಾದ ಊರಿ, "ಗೊತ್ತದ. ಅಳಿ," ಎಂದಳು. ಅಲ್ಲಿ ಮೂರನೆಯವರು ಯಾರೂ ಇರಲಿಲ್ಲ.

ಮನೆ ಮುಗಿಯಿತು. ಮುರಿಗೆವ್ವ ಹೊತ್ತು ಹುಟ್ಟುವಾಗಲೇ ಲಿಂಗ ಮುಟ್ಟಿ ಮೌನದ ಆಣೆ ಮಾಡಿ ಒಳಗೆ ಕೂತಳು. ಹರಸಲು ಬಂದ ಮಠದ ಅಯ್ಯನವರು ನೂರಾರು ಕುಣಿ ಕಂಡವರು. ಗೋಡೆಯ ಸುತ್ತ ಒಂದು ಸುತ್ತು ಬಂದು, ಮಣ್ಣಿನಲ್ಲಿ ಮೂಡಿ ಒಣಗಿದ್ದ ಅವಳ ಹೆಜ್ಜೆ ನೋಡಿ, ಒಂದೊಂದು ಗೋಡೆಯೂ ಅವಳ ಒಂಬತ್ತು ಪಾದವೆಂದು ಲೆಕ್ಕ ಹಿಡಿದುಬಿಟ್ಟರು. ಜೀವಂತ ಹೆಂಗಸಿಗೆ ಕುಣಿ ಕಟ್ಟಿದ್ದಾನೆ ಎಂದು ಊರಿಗೆ ಊರೇ ಎದ್ದಿತು. ಹುಲಿಗೆಪ್ಪ ಓಡಲಿಲ್ಲ. "ಕೂತವರಿಗೆ ಎಷ್ಟು ಜಾಗ ಬೇಕು ಅಂತ ನನಗ ಗೊತ್ತಿದ್ದದ್ದು ಅದೊಂದೇ ಅಳತಿರಿ. ಅವ್ವನ್ನ ಕೇಳೇ ಅಳದೀನಿ," ಎಂದ. ಎಲ್ಲರೂ ಅವಳ ಕಡೆ ತಿರುಗಿದರು. ಹೌದೆಂದು ಒಂದು ಮಾತು ಸಾಕಿತ್ತು, ತಲೆಯಾಡಿಸಿದ್ದರೂ ಆಗುತ್ತಿತ್ತು. ಅವಳು ಆಣೆ ಮುರಿಯಲಿಲ್ಲ, ಕಣ್ಣು ಮುಚ್ಚಿಕೊಂಡಳು. ಊರವರು ಅವನನ್ನೂ ಅವನ ಹೆಂಡತಿಯನ್ನೂ ಅಂದೇ ಗಡಿ ದಾಟಿಸಿದರು. ಇಬ್ಬರೂ ಎರಡು ಹರದಾರಿ ಆಚೆಯ ಕೆಂಚನಾಳದ ಹೊರಗೆ ಗುಡಿಸಲು ಹಾಕಿಕೊಂಡರು.

ಹನ್ನೊಂದು ವರ್ಷ ಅವಳು ಅಲ್ಲಿ ಕೂತಳು. ಊರವರು ಸರದಿಯ ಮೇಲೆ ರೊಟ್ಟಿ ಇಟ್ಟು ಬರುತ್ತಿದ್ದರು. ಸವಳಿನ ಮಾಳಿಗೆಗೆ ಪ್ರತಿವರ್ಷ ಮಳೆಗೆ ಮುಂಚೆ ಹೊಸ ಮಣ್ಣು ಬೇಕು. ಬಸವ ಜಯಂತಿಯ ದಿನ ಮಕ್ಕಳ ಸಮಾಧಿಗೆ ಇಳಿದು ಅವಳು ಮರಳುವಷ್ಟರಲ್ಲಿ ಅದು ಬಿದ್ದಿರುತ್ತಿತ್ತು, ತುಳಿದು ಗಟ್ಟಿಯೂ ಆಗಿರುತ್ತಿತ್ತು. ಹನ್ನೆರಡನೆಯ ವರ್ಷ ಬೀಳಲಿಲ್ಲ. ಮೃಗಶಿರದ ಮೊದಲ ಮಳೆ ಸೋರಿ ಅವಳ ಅಂಗೈ ತೋಯಿತು. ಅವಳು ಇಳಿದು ಬಂದು ಗೌಡರ ಕಟ್ಟೆಯ ಮುಂದೆ ನಿಂತು, ಆಣೆ ಮುರಿದು, ಈ ಸಲ ಮಾಳಿಗೆಗೆ ಮಣ್ಣು ಹಾಕುವುದನ್ನು ಮರೆತಿರಾ ಎಂದು ಕೇಳಿದಳು. ಕಟ್ಟೆಯ ಮೇಲಿದ್ದವರು ತಾವು ಯಾವ ವರ್ಷವೂ ಹಾಕಿಲ್ಲವೆಂದರು.

ಹುಲಿಗೆಪ್ಪ ಎಲ್ಲಿದ್ದಾನೆಂದು ಕೇಳಿಕೊಂಡು ಮಳೆಯಲ್ಲೇ ಅವಳು ಕೆಂಚನಾಳಕ್ಕೆ ನಡೆದಳು. ಹುಲಿಗೆಪ್ಪ ಶಿವರಾತ್ರಿಯ ಹೊತ್ತಿಗೇ ತೀರಿಹೋಗಿದ್ದ. ಬದುಕಿದವರನ್ನು ಅಳೆದವನೆಂದು ಆ ಊರಲ್ಲಿ ಅವನಿಗೆ ಕುಣಿ ತೋಡಲು ಯಾರೂ ಬರಲಿಲ್ಲವಂತೆ. ಹೆಂಡತಿ ಒಬ್ಬಳೇ ಎಳೆದೊಯ್ದು ಹಳ್ಳದ ದಂಡೆಯಲ್ಲಿ ಕೆರೆದು ಮುಚ್ಚಿದ್ದಳು, ಈಗ ಹಳ್ಳ ಬಂದು ಆ ದಂಡೆಯೂ ಹೋಗಿತ್ತು. ಮುರಿಗೆವ್ವ ಬಾಯಿ ತೆರೆದು ಎಲ್ಲವನ್ನೂ ಕೇಳಿದಳು, ಅಳುತ್ತ ಏನೇನೋ ಹೇಳಿದಳು. ಅವನ ಹೆಂಡತಿ ಕೊನೆಯವರೆಗೂ ಕೇಳಿ ಒಂದೇ ಮಾತು ಅಂದಳು: "ನಿಮಗ ಮಾತು ಬರ್ತದಲ್ಲ, ಅವ್ವಾ."

ಮುರಿಗೆವ್ವ ಮತ್ತೆ ಆ ಮನೆಯೊಳಗೆ ಕೂರಲಿಲ್ಲ. ಮಾಳಿಗೆ ಹತ್ತಿದಾಗ ಹೋದ ವರ್ಷದ ಸವಳಿನಲ್ಲಿ ಅವನ ಪಾದ ಒತ್ತಿ ಒಣಗಿದ್ದು ಮೂಲೆಯಲ್ಲಿ ಇನ್ನೂ ಇತ್ತು. ಅದಕ್ಕೆ ದಾರ ಹಿಡಿದಳು. ಮನೆಯ ಪಕ್ಕದಲ್ಲಿ, ಒಂದೊಂದು ಬದಿಗೂ ಅವನ ಒಂಬತ್ತು ಪಾದದ ಕುಣಿಯನ್ನು ತಾನೇ ತೋಡಿದಳು. ಒಂದು ತಿಂಗಳು ಹಿಡಿಯಿತಂತೆ, ಗಂಡಸರು ಬಂದರೆ ಸಲಿಕೆ ಮುಟ್ಟಗೊಡಲಿಲ್ಲ. ಮೌನವನ್ನೂ ಬಿಟ್ಟಳು. ಸಾಯುವವರೆಗೂ ಅದರ ಅಂಚಿನಲ್ಲಿ ಕೂತು, ಹತ್ತಿ ಬಂದವರಿಗೆಲ್ಲ, ಕೇಳಲಿ ಬಿಡಲಿ, "ನನ್ನ ಕೇಳೇ ಅಳದಿದ್ದ," ಎಂದು ಹೇಳುತ್ತಿದ್ದಳು. ತನ್ನನ್ನು ಮಕ್ಕಳ ಬಳಿ ಹೂಳಬೇಕು, ಈ ಕುಣಿಯನ್ನು ಯಾರೂ ಮುಚ್ಚಕೂಡದು ಎಂದು ಊರವರಿಂದ ಮಾತು ತೆಗೆದುಕೊಂಡೇ ಕಣ್ಣು ಮುಚ್ಚಿದಳು.

ಈಗ ಹೋದರೆ ಗೋಡೆಗಳು ಸೊಂಟದೆತ್ತರ ಉಳಿದಿವೆ, ಪ್ರತಿ ಮಳೆಗಾಲಕ್ಕೂ ಒಂದಿಷ್ಟು ಕರಗುತ್ತವೆ. ಪಕ್ಕದ ಕುಣಿಯ ಅಂಚಿನಲ್ಲಿ ಹೆಂಗಸರು ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆದು ನೋಡುತ್ತಾರೆ. ಹುಲಿಗೆಪ್ಪನ ಒಂಬತ್ತು ಪಾದ ಅವರ ಪಾದದಲ್ಲಿ ಹನ್ನೊಂದಾಗುತ್ತದೆ, ಕೆಲವರಿಗೆ ಹನ್ನೆರಡು. ಮಳೆಗೆ ಮುಂಚೆ ಊರಿನಿಂದ ಒಬ್ಬರು ಹೋಗಿ ಕುಣಿಯೊಳಗೆ ಬಿದ್ದ ಮಣ್ಣನ್ನು ಎತ್ತಿ ಹೊರಗೆ ಹಾಕಿ ಬರುತ್ತಾರೆ. ಅದರಲ್ಲಿ ಯಾರನ್ನೂ ಹೂಳಿಲ್ಲ.